ಮನೆಯ ಹೊಲಿಗೆ ಯಂತ್ರದಲ್ಲಿ ಫ್ರೀ ಮೋಷನ್ ಕ್ವಿಲ್ಟಿಂಗ್: ಮೊದಲ ಗೆರೆಯಿಂದ ಅಂಚುಪಟ್ಟಿಯವರೆಗೆ

ಸಾಮಾನ್ಯ ಹೊಲಿಗೆಯಲ್ಲಿ ಬಟ್ಟೆಯನ್ನು ಸಾಗಿಸುವುದು ಯಂತ್ರದ ಕೆಲಸ. ಸೂಜಿಯ ಕೆಳಗಿನ ಲೋಹದ ಹಲ್ಲುಗಳು ಒಂದೊಂದು ಹೊಲಿಗೆಗೂ ಬಟ್ಟೆಯನ್ನು ಒಂದೇ ಅಳತೆಯಷ್ಟು ಹಿಂದಕ್ಕೆ ತಳ್ಳುತ್ತವೆ. ದಿಕ್ಕು ತಪ್ಪದಂತೆ ನೋಡಿಕೊಂಡರೆ ನಮ್ಮ ಪಾಲಿನ ಕೆಲಸ ಮುಗಿಯಿತು. ಕ್ವಿಲ್ಟಿಂಗ್ ಎಂದರೆ ನಮ್ಮ ಕೌದಿಯಂತೆ ಮೇಲ್ಬಟ್ಟೆ, ನಡುಪದರ, ತಳಬಟ್ಟೆಗಳನ್ನು ಒಟ್ಟಿಗೆ ಕೂಡಿಸಿ ಹೊಲಿಯುವುದು. ಫ್ರೀ ಮೋಷನ್ ಕ್ವಿಲ್ಟಿಂಗಿನಲ್ಲಿ ಆ ಹಲ್ಲುಗಳನ್ನು ಕೆಳಗಿಳಿಸಿಬಿಡುತ್ತೇವೆ. ಸೂಜಿ ಇದ್ದಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತದೆ. ಬಟ್ಟೆಯನ್ನು ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ, ಸುತ್ತಲೂ ನಡೆಸುವುದು ನಮ್ಮ ಕೈ. ಬಳ್ಳಿ, ಸುರುಳಿ, ಮಾವಿನಕಾಯಿ, ಅಕ್ಷರ ಎಲ್ಲವನ್ನೂ ಮೂರು ಪದರದ ಬಟ್ಟೆಯ ಮೇಲೆ ದಾರದಿಂದಲೇ ಬರೆಯಬಹುದು.

ಕಲಿಯುವವರು ಎಲ್ಲಕ್ಕಿಂತ ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಲೆಕ್ಕ ಒಂದಿದೆ. ಯಂತ್ರ ನಿಮಿಷಕ್ಕೆ 600 ಹೊಲಿಗೆ ಹಾಕುತ್ತಿದೆ ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 10. ಇಂಚಿಗೆ 10 ಹೊಲಿಗೆ ಬೇಕಿದ್ದರೆ, ಒಂದೊಂದೂ ಸುಮಾರು ಎರಡೂವರೆ ಮಿಲಿಮೀಟರ್ ಆಗಬೇಕಿದ್ದರೆ, ಕೈ ಸೆಕೆಂಡಿಗೆ ಒಂದು ಇಂಚು ಸಾಗಬೇಕು. ಅರ್ಧ ಇಂಚಷ್ಟೇ ಸಾಗಿದರೆ ಇಂಚಿಗೆ 20 ಪುಟ್ಟ ಹೊಲಿಗೆಗಳು ಒತ್ತಾಗಿ ಕೂರುತ್ತವೆ. ಎರಡು ಇಂಚು ಸಾಗಿದರೆ ಇಂಚಿಗೆ ಐದೇ, ಕಾಲ್ಬೆರಳಿಗೆ ಸಿಕ್ಕಿಕೊಳ್ಳುವಷ್ಟು ಉದ್ದ. ಹೊಲಿಗೆಯ ಉದ್ದ ಈಗ ಯಂತ್ರದ ಗುಂಡಿಯಲ್ಲಿಲ್ಲ, ಕಾಲಿನ ವೇಗ ಮತ್ತು ಕೈಯ ವೇಗ ಎಷ್ಟು ಹೊಂದುತ್ತವೆ ಎಂಬುದರಲ್ಲಿದೆ. ಈ ಕಲೆಯಲ್ಲಿ ಅಭ್ಯಾಸ ಬೇಡುವ ಭಾಗ ಇದೊಂದೇ. ಉಳಿದುದೆಲ್ಲ ಸಿದ್ಧತೆ, ಮತ್ತು ಸಿದ್ಧತೆಯನ್ನು ಯಾರು ಬೇಕಾದರೂ ಮೊದಲ ಸಲವೇ ಸರಿಯಾಗಿ ಮಾಡಬಹುದು.

ನಮ್ಮಲ್ಲಿ ಇದು ತೀರ ಹೊಸತೂ ಅಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದವನ್ನು ತೆಗೆದು, ಬಟ್ಟೆಯನ್ನು ರಿಂಗಿಗೆ ಬಿಗಿದು, ಮಾಮೂಲಿ ಹೊಲಿಗೆ ಯಂತ್ರದಲ್ಲಿ ಹೂಬಳ್ಳಿ ತುಂಬುವ ಯಂತ್ರ ಕಸೂತಿಯನ್ನು ಟೈಲರಿಂಗ್ ತರಗತಿಗಳಲ್ಲಿ ಕಲಿತವರು ಊರೂರಿನಲ್ಲಿದ್ದಾರೆ. ಅವರ ಕೈಗೆ ಇದು ಬೇಗ ಒಲಿಯುತ್ತದೆ. ಕ್ವಿಲ್ಟಿನ ಲೋಕದಲ್ಲಿ ಮಾತ್ರ ಯಂತ್ರದ ಹೊಲಿಗೆ ಬಹುಕಾಲ ಕೈಹೊಲಿಗೆಗಿಂತ ಕೆಳಗಿನದೆಂದೇ ಎಣಿಕೆಯಾಗಿತ್ತು. 1989ರಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾದಲ್ಲಿ ನಡೆದ ಅಮೆರಿಕನ್ ಕ್ವಿಲ್ಟರ್ಸ್ ಸೊಸೈಟಿಯ ಪ್ರದರ್ಶನದಲ್ಲಿ ಕೆರಿಲ್ ಬ್ರೈಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟಿಗೆ ಅತ್ಯುತ್ತಮ ಪ್ರಶಸ್ತಿ ಸಿಕ್ಕಿತು. ಆ ಪ್ರಶಸ್ತಿ ಪಡೆದ ಮೊದಲ ಯಂತ್ರ ಹೊಲಿಗೆಯ ಕ್ವಿಲ್ಟ್ ಅದು.

ಈ ಬರಹದಲ್ಲಿ ಮಾದರಿಯಾಗಿ 36 ಇಂಚು ಅಗಲ, 45 ಇಂಚು ಉದ್ದದ, ಮಗು ನೆಲದ ಮೇಲೆ ಆಡಲು ಹಾಸುವ ಪುಟ್ಟ ಕೌದಿಯನ್ನು ಇಟ್ಟುಕೊಳ್ಳುತ್ತೇನೆ. ಮೊದಲ ಕೆಲಸಕ್ಕೆ ಇದಕ್ಕಿಂತ ದೊಡ್ಡದು ಬೇಡ. ಡಬಲ್ ಹಾಸಿಗೆಯ ಹೊದಿಕೆಯಿಂದ ಶುರು ಮಾಡಿದರೆ ಭುಜ ಸೋಲುತ್ತದೆ, ಅದರೊಂದಿಗೆ ಮನಸ್ಸೂ ಸೋಲುತ್ತದೆ.

ಯಂತ್ರವನ್ನು ಹದಗೊಳಿಸುವುದು

ದುಬಾರಿ ಯಂತ್ರದ ಅಗತ್ಯವಿಲ್ಲ. ನೇರ ಹೊಲಿಗೆಯನ್ನು ತಪ್ಪಿಲ್ಲದೆ ಹಾಕುವ ಯಂತ್ರ ಸಾಕು, ಆದರೆ ಎರಡೂ ಕೈಗಳು ಬಿಡುವಾಗಿರಬೇಕು. ಹಾಗಾಗಿ ಕೈಯಲ್ಲಿ ತಿರುಗಿಸುವ ಯಂತ್ರದಲ್ಲಿ ಇದು ಆಗದು. ಕಾಲಿನಲ್ಲಿ ತುಳಿಯುವುದು ಅಥವಾ ಮೋಟರ್ ಇರುವುದು ಬೇಕು. ಅನೇಕ ಮನೆಗಳಲ್ಲಿ ಮೂಲೆ ಸೇರಿರುವ ಹಳೆಯ ಕಪ್ಪು ಕಾಲುಯಂತ್ರವನ್ನು ಕಡೆಗಣಿಸಬೇಡಿ. ಅದರ ತಳ ಮರದ ಮೇಜಿನೊಂದಿಗೆ ಒಂದೇ ಮಟ್ಟದಲ್ಲಿ ಕೂರುತ್ತದೆ, ಬಟ್ಟೆ ಎಲ್ಲೂ ತಡೆಯದೆ ಜಾರುತ್ತದೆ. ಹೊಸ ಯಂತ್ರದವರು ಇದೇ ಅನುಕೂಲಕ್ಕಾಗಿ ಬೇರೆ ವಿಸ್ತರಣಾ ಮೇಜು ಕೊಳ್ಳಬೇಕಾಗುತ್ತದೆ. ಕಾಲುಯಂತ್ರದಲ್ಲಿ ವಹಿಸಬೇಕಾದ ಎಚ್ಚರವೆಂದರೆ, ನಿಲ್ಲಿಸಿ ಮತ್ತೆ ತುಳಿಯುವಾಗ ಚಕ್ರ ಹಿಮ್ಮುಖವಾಗಿ ತಿರುಗಬಾರದು. ತಿರುಗಿದರೆ ದಾರ ಸಿಕ್ಕಾಗುತ್ತದೆ. ಹೊಸದಾಗಿ ತುಳಿಯುವವರು ದಾರವಿಲ್ಲದೆ, ಬಟ್ಟೆಯಿಲ್ಲದೆ, ಚಕ್ರ ಸದಾ ಮುಂದಕ್ಕೇ ತಿರುಗುವಂತೆ ಕಾಲನ್ನು ಪಳಗಿಸಿಕೊಳ್ಳಿ.

ಈಗ ಹಲ್ಲುಗಳನ್ನು ಇಳಿಸಿ. ಮೋಟರ್ ಯಂತ್ರಗಳಲ್ಲಿ ಹೆಚ್ಚಾಗಿ ಹಿಂಬದಿಯಲ್ಲಿ ಅಥವಾ ಬಾಬಿನ್ (ಕೆಳಗಿನ ದಾರದ ಸುರುಳಿ) ಪೆಟ್ಟಿಗೆಯ ಬಳಿ ಜಾರಿಸುವ ಗುಂಡಿ ಇರುತ್ತದೆ. ಕೆಲವು ಯಂತ್ರಗಳೊಂದಿಗೆ ಹಲ್ಲುಗಳ ಮೇಲೆ ಕೂರಿಸುವ ಪುಟ್ಟ ತಗಡು ಬರುತ್ತದೆ. ಎರಡೂ ಇಲ್ಲದಿದ್ದರೆ ಗಾಬರಿ ಬೇಡ. ಹೊಲಿಗೆಯ ಉದ್ದವನ್ನು ಸೊನ್ನೆಗೆ ತಿರುಗಿಸಿ; ಹಲ್ಲುಗಳು ಏರಿ ಇಳಿಯುತ್ತವೆಯೇ ಹೊರತು ಬಟ್ಟೆಯನ್ನು ಎಳೆಯುವುದಿಲ್ಲ. ಹಲ್ಲು ಇಳಿಸಿದವರೂ ಉದ್ದವನ್ನು ಸೊನ್ನೆಗೆ ಇಡುವುದು ಒಳ್ಳೆಯದು, ಒಳಗಿನ ಭಾಗಗಳು ಸುಮ್ಮನೆ ಸವೆಯುವುದು ತಪ್ಪುತ್ತದೆ.

ಮುಂದಿನದು ಪಾದ. ಮಾಮೂಲಿ ಪಾದ ಬಟ್ಟೆಯನ್ನು ಒತ್ತಿ ಹಿಡಿಯುತ್ತದೆ, ಅದರಡಿಯಲ್ಲಿ ಬಟ್ಟೆ ಎಲ್ಲ ದಿಕ್ಕಿಗೂ ಜಾರದು. ಇದಕ್ಕೆಂದೇ ಇರುವ ಸ್ಪ್ರಿಂಗಿನ ಪಾದಕ್ಕೆ ಡಾರ್ನಿಂಗ್ ಪಾದ, ಫ್ರೀ ಮೋಷನ್ ಪಾದ ಎಂಬ ಹೆಸರುಗಳಿವೆ. ಸೂಜಿ ಮೇಲೆದ್ದಾಗ ಇದೂ ಏಳುತ್ತದೆ, ಇಳಿದಾಗ ಬಟ್ಟೆಯನ್ನು ಕ್ಷಣಮಾತ್ರ ಅದುಮುತ್ತದೆ. ಆ ಕ್ಷಣದ ಅದುಮುವಿಕೆ ಇಲ್ಲದಿದ್ದರೆ ಬಟ್ಟೆ ಸೂಜಿಯೊಂದಿಗೆ ಮೇಲೆದ್ದು ಹೊಲಿಗೆ ತಪ್ಪುತ್ತದೆ. ಪಾದಕ್ಕೆ ತೋಳಿನಂತಹ ಕಡ್ಡಿ ಇದ್ದರೆ ಅದು ಸೂಜಿ ಬಿಗಿಯುವ ಸ್ಕ್ರೂವಿನ ಮೇಲೆ ಕೂರಬೇಕು, ಕೆಳಗಲ್ಲ. ಕೊಳ್ಳುವಾಗ ಈಗಿರುವ ಪಾದವನ್ನು ಬಿಚ್ಚಿ ಅಂಗಡಿಗೆ ಒಯ್ದು, ಅದರ ಎತ್ತರಕ್ಕೆ ಹೊಂದುವುದನ್ನೇ ಆರಿಸಿ. ಮುಂಭಾಗ ತೆರೆದಿರುವ ಪಾದ ಸಿಕ್ಕರೆ ಸೂಜಿಯ ತುದಿ ಚೆನ್ನಾಗಿ ಕಾಣುತ್ತದೆ. ಯಂತ್ರ ಕಸೂತಿಯವರಂತೆ ಪಾದವಿಲ್ಲದೆ ಹೊಲಿಯಬಹುದಾದರೂ ಮೂರು ಪದರದ ದಪ್ಪಕ್ಕೆ ನಾನು ಹಾಗೆ ಹೇಳಲಾರೆ. ಬೆರಳಿಗೂ ಸೂಜಿಗೂ ನಡುವೆ ಏನೂ ಇರುವುದಿಲ್ಲ.

ಹೊಸ ಸೂಜಿ ಹಾಕಿ. ಹತ್ತಿಯ ಬಟ್ಟೆಗೆ 14 ನಂಬರ್, ಹಳೆಯ ಸೀರೆಗಳ ನಾಲ್ಕೈದು ಪದರವಿದ್ದರೆ 16 ನಂಬರ್. ಸೂಜಿ ಮೊಂಡಾದುದು ಕಣ್ಣಿಗೆ ಕಾಣುವುದಿಲ್ಲ. ಬಟ್ಟೆ ತೂರುವಾಗ ಟಕ್ ಟಕ್ ಎಂಬ ಸದ್ದು ಬಂದರೆ ಬದಲಿಸಿ. ಬಾಬಿನ್ ಪೆಟ್ಟಿಗೆಯೊಳಗಿನ ದೂಳು, ನೂಲಿನ ಹೊಟ್ಟನ್ನು ಕುಂಚದಿಂದ ತೆಗೆಯಿರಿ. ಎಣ್ಣೆ ಬೇಡುವ ಯಂತ್ರವಾದರೆ ಶಟಲ್ ತಿರುಗುವ ಜಾಗಕ್ಕೆ ಒಂದೇ ಹನಿ ಬಿಟ್ಟು, ಚಿಂದಿಯ ಮೇಲೆ ಸ್ವಲ್ಪ ಹೊಲಿದು ಹೆಚ್ಚಿನ ಎಣ್ಣೆಯನ್ನು ಹೊರಹಾಕಿ.

ಬಟ್ಟೆ, ನಡುಪದರ, ದಾರ

ಮೇಲಿನ ಮತ್ತು ತಳದ ಪದರಗಳಿಗೆ ಹಿಗ್ಗದ ಹತ್ತಿ ಬಟ್ಟೆ ಒಳ್ಳೆಯದು. ಕಲಂಕಾರಿ, ಖಾದಿ, ಗಾಢ ಕೆಂಪು ಮತ್ತು ನೀಲಿ ಬಟ್ಟೆಗಳನ್ನು ಮೊದಲೇ ಒಗೆಯಿರಿ. ಅವು ಕುಗ್ಗುತ್ತವೆ, ಬಣ್ಣವನ್ನೂ ಬಿಡುತ್ತವೆ. ಎಲ್ಲ ಹೊಲಿದ ಮೇಲೆ ಪಕ್ಕದ ಬಿಳಿ ತುಂಡು ಗುಲಾಬಿಯಾದರೆ ಅದನ್ನು ಸರಿಪಡಿಸಲಾಗದು. ಸವೆದು ಮೃದುವಾದ ಹಳೆಯ ಹತ್ತಿ ಸೀರೆಯನ್ನು ತಳಪದರವಾಗಿ ಬಳಸುವುದಾದರೆ ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿ. ಗಂಜಿ ಹಾಕಿದ ಬಟ್ಟೆ ಯಂತ್ರದ ತಳದ ಮೇಲೆ ಸಲೀಸಾಗಿ ಜಾರುತ್ತದೆ, ಸುಕ್ಕು ಕಟ್ಟುವುದೂ ಕಡಿಮೆ. ಇಷ್ಟು ಅಗ್ಗದ, ಇಷ್ಟು ಫಲ ಕೊಡುವ ಉಪಾಯ ಈ ಕೆಲಸದಲ್ಲಿ ಮತ್ತೊಂದಿಲ್ಲ.

ನಡುಪದರಕ್ಕೆ ಹತ್ತಿಯ ಬ್ಯಾಟಿಂಗ್, ಅಂದರೆ ಹಾಳೆಯಂತೆ ಮಾಡಿದ ಹತ್ತಿ, ಸಿಕ್ಕರೆ ಅದೇ ಉತ್ತಮ. ಅದು ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ, ಪದರಗಳು ಸರಿಯುವುದಿಲ್ಲ. ಮೀಟರ್ ಲೆಕ್ಕದಲ್ಲಿ ಸಿಗುವ ಪಾಲಿಯೆಸ್ಟರ್ ಹಾಳೆಯನ್ನು ಕೊಳ್ಳುವುದಾದರೆ ತೆಳ್ಳಗಿನದನ್ನೇ, 100 ಜಿಎಸ್ಎಂ (ಚದರ ಮೀಟರಿಗೆ 100 ಗ್ರಾಂ) ಆಸುಪಾಸಿನದನ್ನು ಆರಿಸಿ. ಉಬ್ಬಿದ ದಪ್ಪ ಹಾಳೆ ಅಂಗಡಿಯಲ್ಲಿ ಆಕರ್ಷಕವಾಗಿ ಕಂಡರೂ ಪಾದದ ಕೆಳಗೆ ತಡೆಯುತ್ತದೆ, ಮಡಚಿ ಯಂತ್ರದ ತೋಳಿನೊಳಗೆ ತೂರಿಸಲೂ ಆಗುವುದಿಲ್ಲ. ಹಳೆಯ ಹತ್ತಿ ಸೀರೆಯ ಎರಡು ಮೂರು ಮಡಿಕೆ ಅಥವಾ ಒಂದು ಪದರ ಫ್ಲಾನೆಲ್ ಕೂಡ ನಡೆಯುತ್ತದೆ, ನಮ್ಮ ಬಿಸಿಲಿಗೆ ಅದೇ ಹಿತ. ಬಿಡಿ ಅರಳೆಯನ್ನು ಮಾತ್ರ ಹರಡಬೇಡಿ, ಒಂದೆರಡು ಒಗೆತಕ್ಕೆ ಗಂಟು ಗಂಟಾಗುತ್ತದೆ.

ದಾರದ ಮೇಲಿನ ಸಂಖ್ಯೆ ಹೆಚ್ಚಾದಷ್ಟೂ ದಾರ ತೆಳು: 50ರ ದಾರ 40ರದ್ದಕ್ಕಿಂತ ಸಣ್ಣ. ಕಲಿಯುವಾಗ ಎರಡರಲ್ಲಿ ಯಾವುದಾದರೂ ಸರಿ, ಆದರೆ ಹೊಸದಾಗಿರಲಿ. ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತ ದಾರ ಎಳೆದರೆ ಪುಟಕ್ಕನೆ ತುಂಡಾಗುತ್ತದೆ. ಅಂಥದನ್ನು ಗುಂಡಿ ಹೊಲಿಯುವುದಕ್ಕೂ ಇಡಬೇಡಿ. ಮೊದಲ ಕೌದಿಗೆ ಬಟ್ಟೆಯ ಬಣ್ಣವನ್ನೇ ಹೋಲುವ ದಾರವನ್ನು ಮೇಲೆಯೂ ಬಾಬಿನ್ನಿನಲ್ಲೂ ಹಾಕಿ. ಗೆರೆಯ ಏರುಪೇರು ಬಟ್ಟೆಯಲ್ಲಿ ಬೆರೆತುಹೋಗುತ್ತದೆ. ಚಿಕ್ಕ ಹೂವಿನ ಅಚ್ಚಿರುವ ಬಟ್ಟೆಯೂ ಇದೇ ಕಾರಣಕ್ಕೆ ಹೊಸಬರಿಗೆ ದಯೆ ತೋರುತ್ತದೆ.

ಪದರಗಳನ್ನು ಕೂಡಿಸುವುದು

ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟು ಚೆನ್ನಾಗಿ ಹೊಲಿದರೂ ಹಿಂಬದಿಯಲ್ಲಿ ನೆರಿಗೆ ಕೂರುತ್ತದೆ. ತಳಪದರ ಮತ್ತು ನಡುಪದರ ಮೇಲ್ಪದರಕ್ಕಿಂತ ಪ್ರತಿ ಬದಿಯಲ್ಲೂ ಮೂರು ಇಂಚು ದೊಡ್ಡದಿರಲಿ. ನಮ್ಮ 36×45ರ ಕೌದಿಗೆ 42×51 ಇಂಚಿನ ತಳ ಬೇಕು. ಆ ಹೆಚ್ಚುವರಿ ಅಂಚು ವ್ಯರ್ಥವಲ್ಲ. ಬದಿಗಳನ್ನು ಹೊಲಿಯುವಾಗ ಕೈ ಹಿಡಿಯುವುದು ಅದನ್ನೇ.

ಗುಡಿಸಿ ಒರೆಸಿದ ನೆಲದ ಮೇಲೆ ತಳಪದರವನ್ನು ಉಲ್ಟಾ ಹಾಸಿ, ಅಂಚುಗಳನ್ನು ಅಂಟುಪಟ್ಟಿಯಿಂದ ನೆಲಕ್ಕೆ ಅಂಟಿಸಿ. ಬಟ್ಟೆ ಸಮನಾಗಿರಬೇಕು, ಡೋಲಿನಂತೆ ಎಳೆದು ಬಿಗಿಯಬಾರದು. ಹಾಗೆ ಎಳೆದುದು ಬಿಟ್ಟೊಡನೆ ಕುಗ್ಗಿ ಮೇಲ್ಪದರವನ್ನು ಸುಕ್ಕಾಗಿಸುತ್ತದೆ. ಅದರ ಮೇಲೆ ನಡುಪದರ, ಅದರ ಮೇಲೆ ಮೇಲ್ಪದರ. ನಡುವಿನಿಂದ ಹೊರಕ್ಕೆ ಅಂಗೈಯಿಂದ ಸವರಿ. ಆಮೇಲೆ ನಡುವಿನಿಂದಲೇ ಆರಂಭಿಸಿ ನಾಲ್ಕು ಇಂಚಿಗೊಂದರಂತೆ, ಮುಷ್ಟಿ ಇಟ್ಟಲ್ಲೆಲ್ಲ ಒಂದು ಸಿಗುವಂತೆ, ಸೇಫ್ಟಿ ಪಿನ್ನು ಚುಚ್ಚಿ. ಈ ಅಳತೆಗೆ ಸುಮಾರು 100 ಪಿನ್ನು ಬೇಕು. ಎಷ್ಟು ಚುಚ್ಚಿದಿರಿ ಎಂಬುದನ್ನು ಬರೆದಿಡಿ, ತೆಗೆಯುವಾಗ ಎಣಿಸಿ. ಮಗುವಿನ ಹಾಸಿನೊಳಗೆ ಒಂದೂ ಉಳಿಯಬಾರದು. ಪಿನ್ನು ಬೇಡವೆಂದರೆ ಉದ್ದುದ್ದ ಕಚ್ಚಾ ಹೊಲಿಗೆಯನ್ನು ಕೈಯಲ್ಲೇ ಹಾಕಬಹುದು, ಹೆಚ್ಚು ಹೊತ್ತು ಹಿಡಿದರೂ ಪಾದಕ್ಕೆ ಏನೂ ತಗಲುವುದಿಲ್ಲ. ಅಂಟಿನ ಸ್ಪ್ರೇ ಬಳಸುವವರು ಕಿಟಕಿ ತೆರೆದಿಡಿ.

ಇದೇ ಹೊತ್ತಿಗೆ, ಅದೇ ಬಟ್ಟೆ, ಅದೇ ನಡುಪದರದ 14 ಇಂಚಿನ ನಾಲ್ಕಾರು ಚೌಕಗಳನ್ನೂ ಕೂಡಿಸಿಡಿ. ಟೆನ್ಷನ್ (ದಾರದ ಬಿಗಿ) ನೋಡುವುದು, ಕೈ ಪಳಗಿಸುವುದು ಎಲ್ಲ ಅವುಗಳ ಮೇಲೆಯೇ.

ಟೆನ್ಷನ್

ಪರೀಕ್ಷೆಗೆ ಮೇಲೆ ಕೆಂಪು, ಬಾಬಿನ್ನಿನಲ್ಲಿ ಬಿಳಿ ದಾರ ಹಾಕಿ ಚೌಕದ ಮೇಲೆ ನೇರ ಗೆರೆ, ಸುತ್ತು ಗೆರೆ ಎರಡನ್ನೂ ಹೊಲಿಯಿರಿ. ಮೇಲ್ಬದಿಯಲ್ಲಿ ಬಿಳಿ ಚುಕ್ಕಿಗಳು ಎದ್ದರೆ ಮೇಲಿನ ದಾರ ಬಿಗಿಯಾಗಿದೆ, ಟೆನ್ಷನ್ ಸಂಖ್ಯೆಯನ್ನು ಕಡಿಮೆ ಮಾಡಿ. ಹಿಂಬದಿಯಲ್ಲಿ ಕೆಂಪು ಚುಕ್ಕಿ ಕಂಡರೆ ಮೇಲಿನದು ಸಡಿಲ, ಹೆಚ್ಚಿಸಿ. ಒಂದು ಸಲಕ್ಕೆ ಅರ್ಧ ಅಂಕೆಯಷ್ಟೇ ತಿರುಗಿಸಿ ಮತ್ತೆ ಹೊಲಿದು ನೋಡಿ. ಬಾಬಿನ್ ಕೇಸಿನ ಸ್ಕ್ರೂವಿಗೆ ಕೈ ಹಾಕುವುದು ಕೊನೆಯ ಮಾರ್ಗ. ಹಾಕಿದರೂ ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಐದು ನಿಮಿಷದಷ್ಟು ಮಾತ್ರ.

ನೇರ ಗೆರೆ ಸರಿಯಿದ್ದು, ತಿರುವುಗಳಲ್ಲಿ ಮಾತ್ರ ಹಿಂಬದಿಯಲ್ಲಿ ಕಣ್ಣಿನ ರೆಪ್ಪೆಗೂದಲಿನಂತೆ ದಾರ ಚಾಚಿಕೊಂಡಿದ್ದರೆ ಟೆನ್ಷನ್ ಅನ್ನು ದೂರಬೇಡಿ. ತಿರುವಿನಲ್ಲಿ ಕೈ ಯಂತ್ರಕ್ಕಿಂತ ವೇಗವಾಗಿ ಓಡಿದೆ. ದಾರದ ಗಂಟು ಕೂರುವ ಮೊದಲೇ ಬಟ್ಟೆ ಸರಿದುಹೋಗಿದೆ. ತಿರುವಿನಲ್ಲಿ ಕೈ ತಾನಾಗಿ ಬೀಸುತ್ತದೆ ಎಂಬುದನ್ನು ಗಮನಿಸಿಕೊಂಡರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ.

ಕೂರುವುದು, ಶುರು ಮಾಡುವುದು, ನಡೆಸುವುದು

ಕುರ್ಚಿಯ ಎತ್ತರವನ್ನು ಮೊದಲು ನೋಡಿ. ಮೇಜಿನ ಮೇಲೆ ಅಂಗೈ ಇಟ್ಟಾಗ ಮೊಣಕೈ ಲಂಬಕೋನವಾಗಿ ಬಾಗಿ, ಭುಜ ಇಳಿದಿರಬೇಕು. ಭುಜ ಕಿವಿಯತ್ತ ಏರಿದ್ದರೆ ಕುರ್ಚಿ ತಗ್ಗಾಯಿತು, ಕೆಳಗೊಂದು ದಿಂಬು ಹಾಕಿ. ಯಂತ್ರದ ಎಡಕ್ಕೂ ಹಿಂದಕ್ಕೂ ಅದೇ ಎತ್ತರದ ಮೇಜು ಅಥವಾ ಪೆಟ್ಟಿಗೆ ಜೋಡಿಸಿ. ಕೌದಿಯ ಒಂದು ಮೂಲೆ ಕೆಳಗೆ ಜೋತುಬಿದ್ದರೂ ಅದರ ಭಾರ ಸೂಜಿಯನ್ನು ಬಾಗಿಸುತ್ತದೆ, ಗೆರೆ ಆ ಕಡೆಗೇ ವಾಲುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಅಂಗೈಗೆ ರಬ್ಬರ್ ಲೇಪವಿರುವ ತೆಳು ಕೈಗವಸು ಹಾಕಿಕೊಳ್ಳಿ. ಬರಿಗೈಯಲ್ಲಿ ಬಟ್ಟೆ ಹಿಡಿತಕ್ಕೆ ಸಿಗದೆ, ಒತ್ತಿ ಒತ್ತಿ ಮಣಿಕಟ್ಟು ನೋಯುತ್ತದೆ. ಕೈಗವಸಿದ್ದರೆ ಹಗುರವಾಗಿ ಇಟ್ಟರೂ ಬಟ್ಟೆ ಮಾತು ಕೇಳುತ್ತದೆ.

ಪ್ರತಿ ಸಲ ಶುರು ಮಾಡುವ ಕ್ರಮ ಹೀಗೆ. ಪಾದದ ಹಿಡಿಯನ್ನು ಕೆಳಗಿಳಿಸಿ. ಪಾದ ಬಟ್ಟೆಯನ್ನು ಪೂರ್ತಿ ಮುಟ್ಟದೆ ತೇಲುವುದರಿಂದ ಇದನ್ನು ಮರೆಯುವುದು ಸುಲಭ, ಆದರೆ ಹಿಡಿ ಇಳಿಯದೆ ಮೇಲಿನ ದಾರಕ್ಕೆ ಟೆನ್ಷನ್ ಸಿಗುವುದಿಲ್ಲ. ಚಕ್ರವನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಮೇಲಿನ ದಾರವನ್ನು ಎಳೆದು ಬಾಬಿನ್ ದಾರದ ಕುಣಿಕೆಯನ್ನು ಮೇಲಕ್ಕೆ ತನ್ನಿ. ಎರಡೂ ಎಳೆಗಳನ್ನು ಹಿಡಿದು, ಬಟ್ಟೆಯನ್ನು ಅಷ್ಟೇನೂ ಸರಿಸದೆ ಕಾಲು ಇಂಚಿನೊಳಗೆ ಐದಾರು ಪುಟ್ಟ ಹೊಲಿಗೆ ಹಾಕಿ. ಅದೇ ಗಂಟು. ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ ಬಾಲಗಳನ್ನು ಕತ್ತರಿಸಿ. ಮುಗಿಸುವಾಗಲೂ ಹೀಗೆಯೇ.

ಕೈಗಳು ಸೂಜಿಯ ಎರಡೂ ಬದಿಗೆ ಎರಡು ಮೂರು ಇಂಚು ದೂರದಲ್ಲಿ ಬಟ್ಟೆಯ ಮೇಲೆ ಚಪ್ಪಟೆಯಾಗಿ ಕೂತು, ನಡುವಿನ ಜಾಗವನ್ನು ಮೆಲ್ಲಗೆ ಹರವಿ ಹಿಡಿದಿರಲಿ. ಆ ಕೈಗಳ ನಡುವಿನ ಜಾಗವಷ್ಟೇ ನಿಮ್ಮ ಹೊಲ. ಗೆರೆ ಅದರಾಚೆ ಹೋಗುತ್ತದೆ ಅನ್ನಿಸಿದೊಡನೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೆ ಇಳಿಸಿ, ಕೈಗಳನ್ನು ಸರಿಸಿಕೊಳ್ಳಿ. ಕೈ ಚಾಚಿ ಚಾಚಿ ಹೊಲಿಯುವವರ ಗೆರೆ ಅಲ್ಲೇ ಹದಗೆಡುತ್ತದೆ. ನಿಲ್ಲಿಸಲು ಎಲೆಯ ತುದಿ, ಎರಡು ಗೆರೆ ಕೂಡುವ ಸಂದಿಗಳನ್ನು ಆರಿಸಿ. ದುಂಡನೆಯ ಬಳುಕಿನ ನಡುವೆ ನಿಂತರೆ ಅಲ್ಲೊಂದು ಕೊಂಕು ಉಳಿಯುತ್ತದೆ. ಬಟ್ಟೆಯನ್ನು ತಿರುಗಿಸುವ ಅಗತ್ಯವಿಲ್ಲ, ಅದರ ಮುಖ ಯಾವಾಗಲೂ ನಿಮ್ಮ ಕಡೆಗೇ ಇದ್ದು ದಿಕ್ಕು ಮಾತ್ರ ಬದಲಾಗುತ್ತದೆ. ಕಣ್ಣು ಸೂಜಿಯ ಮೇಲೆ ನೆಟ್ಟಿರಬಾರದು. ಮುಂದೆ ಹೋಗಬೇಕಾದ ಕಡೆ ನೋಡಿ, ಕೈ ಅತ್ತಲೇ ನಡೆಯುತ್ತದೆ.

ವೇಗದ ಬಗ್ಗೆ ನನ್ನ ಗಟ್ಟಿಯಾದ ಅಭಿಪ್ರಾಯ: ತೀರ ನಿಧಾನ ಒಳ್ಳೆಯದಲ್ಲ. ಹೆದರಿಕೆಯಿಂದ ಯಂತ್ರವನ್ನು ತೆವಳಿಸಿದರೆ ಗೆರೆ ನಡುಗುತ್ತದೆ, ಹೊಲಿಗೆ ಉದ್ದವಾಗುತ್ತದೆ. ಮಧ್ಯಮ ವೇಗದಲ್ಲಿ, ಯಂತ್ರದ ಸದ್ದು ಒಂದೇ ಶ್ರುತಿಯಲ್ಲಿ ಕೇಳುವಂತೆ ಕಾಲನ್ನು ಸ್ಥಿರವಾಗಿಡಿ, ಮತ್ತೆ ಅದನ್ನು ಬದಲಿಸಬೇಡಿ. ಆಮೇಲೆ ಕೈಯೊಂದೇ ಹೊಂದಿಕೊಂಡರೆ ಸಾಕು. ಕಾಲು ಕೈ ಎರಡೂ ಬದಲಾಗುತ್ತಿದ್ದರೆ ಹೊಂದಾಣಿಕೆ ಎಂದಿಗೂ ಬರದು. ವೇಗ ಮಿತಿಯ ಗುಂಡಿ ಇರುವ ಯಂತ್ರವಾದರೆ ಅದನ್ನು ನಡುವಿಗೆ ತಂದಿಟ್ಟು ಪೆಡಲನ್ನು ಪೂರ್ತಿ ಒತ್ತಿ, ಇದು ಹೊಸಬರಿಗೆ ದೊಡ್ಡ ನೆರವು.

ಅಭ್ಯಾಸಕ್ಕೆ ನಮ್ಮ ಅಕ್ಷರಗಳು

ಮೊದಲ ಚೌಕದ ಮೇಲೆ ವಿನ್ಯಾಸ ಬೇಡ. ಮುಂದೆ ಹಿಂದೆ, ಎಡ ಬಲ, ಓರೆ ಗೆರೆಗಳನ್ನು ಎಳೆದು, ಹೊಲಿಗೆಗಳ ಉದ್ದ ನೋಡಿ. ಹಿಂದಕ್ಕೆ ಹೋಗುವಾಗ ಸರಿಯಿದ್ದು ಪಕ್ಕಕ್ಕೆ ಹೋಗುವಾಗ ಉದ್ದವಾಗುವುದು ಸಾಮಾನ್ಯ, ಕೈ ಯಾವ ದಿಕ್ಕಿಗೆ ಬೇಗ ಓಡುತ್ತದೆ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ.

ಎರಡನೆಯ ಚೌಕದಲ್ಲಿ ಅಕ್ಷರ ಬರೆಯಿರಿ. ಕನ್ನಡ ಲಿಪಿ ಈ ಕೆಲಸಕ್ಕೆಂದೇ ಹುಟ್ಟಿದಷ್ಟು ದುಂಡಗಿದೆ. ಸಾಲಾಗಿ ಉ ಉ ಉ ಬರೆದರೆ ಅಲೆ ಬರುತ್ತದೆ. ಲ ಲ ಲ ಎಂದು ಕೈ ಎತ್ತದೆ ಜೋಡಿಸಿದರೆ ಕುಣಿಕೆಯ ಸಾಲು ಸಿದ್ಧ. ಠ ಬರೆಯುತ್ತ ಹೋದರೆ ಒಂದಕ್ಕೊಂದು ಆತುಕೊಂಡ ಬೆಣಚುಕಲ್ಲುಗಳ ವಿನ್ಯಾಸಕ್ಕೆ ಕೈ ಒಗ್ಗುತ್ತದೆ. ಕೈಗೆ ಆ ಆಕಾರಗಳು ಬಾಲ್ಯದಿಂದಲೇ ಗೊತ್ತು, ಹೊಸದಾಗಿ ಕಲಿಯಬೇಕಾದುದು ವೇಗ ಮಾತ್ರ. ನಿಮ್ಮ ಹೆಸರು, ಮಗುವಿನ ಹೆಸರನ್ನು ಬರೆದು ನೋಡಿ. ಒತ್ತಕ್ಷರಕ್ಕೆ ಇಳಿಯುವಾಗ ಬಂದ ಗೆರೆಯ ಮೇಲೆಯೇ ಮರಳಬೇಕಾಗುತ್ತದೆ. ಗೆರೆಯ ಮೇಲೆ ಗೆರೆ ಹೊಲಿಯುವ ಆ ಅಭ್ಯಾಸ ಮುಂದೆ ಎಲೆ ಬಳ್ಳಿಗಳಿಗೆ ಬೇಕೇ ಬೇಕು.

ಯಂತ್ರದಿಂದ ದೂರವಿದ್ದಾಗ ಕಾಗದದ ಮೇಲೆ ಪೆನ್ಸಿಲ್ ಎತ್ತದೆ ವಿನ್ಯಾಸಗಳನ್ನು ಗೀಚಿ. ಸೂಜಿಗೂ ಹೀಗೆಯೇ ಒಂದೇ ಎಳೆಯ ದಾರಿ ಬೇಕು. ಕಾಗದದಲ್ಲಿ ಸಿಕ್ಕಿಹಾಕಿಕೊಂಡ ಕಡೆಯಲ್ಲೇ ಬಟ್ಟೆಯ ಮೇಲೂ ಸಿಕ್ಕಿಹಾಕಿಕೊಳ್ಳುತ್ತೀರಿ, ಅದನ್ನು ಮೊದಲೇ ಕಂಡುಕೊಳ್ಳುವುದು ಒಳಿತು.

ಮೊದಲ ವಿನ್ಯಾಸಗಳು

ಅಂಕುಡೊಂಕಾಗಿ ಅಲೆಯುತ್ತ, ಒಂದು ಗೆರೆ ಇನ್ನೊಂದನ್ನು ದಾಟದಂತೆ ಜಾಗ ತುಂಬುವ ವಿನ್ಯಾಸವನ್ನು ಎಲ್ಲರೂ ಮೊದಲು ಕಲಿಸುತ್ತಾರೆ. ಅದು ಕಾಣುವಷ್ಟು ಸುಲಭವಲ್ಲ. ಗೆರೆ ದಾಟಬಾರದೆಂಬ ಚಿಂತೆಯಲ್ಲೇ ಕೈ ಬಿಗಿಯುತ್ತದೆ, ಮೂಲೆಗೆ ಸಿಕ್ಕಿ ಹೊರಬರಲು ದಾರಿ ಇರುವುದಿಲ್ಲ. ಕುಣಿಕೆಗಳಿಂದ ಆರಂಭಿಸಿ ಎಂಬುದೇ ನನ್ನ ಸಲಹೆ. ಅಲೆಯಂತೆ ಸಾಗುತ್ತ ಅಲ್ಲಲ್ಲಿ ಒಂದು ಸುತ್ತು ಹಾಕಿ ಮುಂದೆ ಹೋಗುವುದು. ಇದರಲ್ಲಿ ಗೆರೆ ದಾಟುವುದೇ ಚೆಂದ, ಹಾಗಾಗಿ ಸಿಕ್ಕಿಕೊಂಡಲ್ಲೆಲ್ಲ ಒಂದು ಕುಣಿಕೆ ಹಾಕಿ ಹೊರಬರಬಹುದು.

ಕೈ ಕುದುರಿದ ಮೇಲೆ ಮಾವಿನಕಾಯಿಗೆ ಬನ್ನಿ. ಸೀರೆಯ ಸೆರಗಿನಲ್ಲಿ ಕಂಡ ಆಕಾರವೇ. ತೊಟ್ಟಿನಿಂದ ಹೊರಟು, ಉಬ್ಬಿ, ಕೊಂಕಿ, ಮತ್ತೆ ತೊಟ್ಟಿಗೇ ಬಂದು ಸೇರಿ. ಅಲ್ಲಿಂದಲೇ ಒಂದಿಷ್ಟು ಜಾಗ ಬಿಟ್ಟು ಅದರ ಸುತ್ತ ಇನ್ನೊಂದು ಗೆರೆ, ಅದರ ಹೊರಗೆ ಮತ್ತೊಂದು. ಮೂರನೆಯ ಗೆರೆ ಮುಗಿದ ಕಡೆಯೇ ಮುಂದಿನ ಮಾವಿನಕಾಯಿಯ ತೊಟ್ಟು. ಹಿಂದಿನ ಮಾವಿನಕಾಯಿ ಅಡ್ಡ ಬಂದರೆ ಗೆರೆ ಅದನ್ನು ತಾಕಿ ಹಿಂದಿರುಗಲಿ. ಗಾತ್ರ, ದಿಕ್ಕು ಬದಲಾಗುತ್ತ ಹೋದಷ್ಟೂ ಇದು ಸೊಗಸು. ಒಂದು ದೊಡ್ಡದು ಇನ್ನೊಂದು ಚಿಕ್ಕದಾಯಿತೆಂಬ ಅಳುಕೇ ಇರುವುದಿಲ್ಲ. ಮಗುವಿನ ಕೌದಿಗೆ ನಾನು ಆರಿಸುವುದು ಇದನ್ನೇ.

ಚುಕ್ಕಿಗಳ ಸುತ್ತ ಸುತ್ತುವ ಎಳೆ ರಂಗೋಲಿಗಳಲ್ಲಿಯೂ ಒಂದೇ ಗೆರೆಯಲ್ಲಿ ಮುಗಿಯುವವು ಬೇಕಾದಷ್ಟಿವೆ. ಚೌಕದ ನಡುವೆ ಒಂದನ್ನು ಸೀಮೆಸುಣ್ಣದಲ್ಲಿ ಬರೆದುಕೊಂಡು ಅದರ ಮೇಲೆ ಹೊಲಿಯಬಹುದು. ಗವಂತಿ, ಮುರ್ಗಿಯಂತಹ ಕಸೂತಿಯ ನಮೂನೆಗಳನ್ನು ಮಾತ್ರ ಇದಕ್ಕೆ ಎಳೆತರಬೇಡಿ. ಎಳೆ ಎಣಿಸಿ ಹಾಕುವ ನೇರ ಗೆರೆ, ಮೆಟ್ಟಿಲುಗಳ ಅಂದವೇ ಅವುಗಳ ನಿಖರತೆ. ಹಲ್ಲು ಇಳಿಸಿದ ಯಂತ್ರಕ್ಕೆ ಅತಿ ಕಷ್ಟವಾದುದು ನೇರ ಗೆರೆ.

ಗುರುತು ಹಾಕಲು ಟೈಲರ್ ಚಾಕ್ ಅಥವಾ ನೀರಿಗೆ ಹೋಗುವ ಪೆನ್ ಬಳಸಿ. ನೀರಿಗೆ ಹೋಗುವ ಗುರುತಿನ ಮೇಲೆ ಇಸ್ತ್ರಿ ಆಡಿಸಿದರೆ ಅದು ಬಟ್ಟೆಯಲ್ಲೇ ಉಳಿಯಬಹುದು. ಯಾವುದನ್ನಾದರೂ ಚಿಂದಿಯ ಮೇಲೆ ಹಾಕಿ ಒಗೆದು ನೋಡಿ.

ಕೌದಿಯ ಮೇಲೆ

ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಮಹಿಳೆಯರು ಕೌದಿ ಹೊಲಿಯುವುದನ್ನು ನೋಡಿದವರಿಗೆ ಗೊತ್ತು, ಅವರು ಒಂದು ಮೂಲೆಯಿಂದ ಹೊರಟು ಅಂಚಿನ ಸುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೈಹೊಲಿಗೆಯಲ್ಲಿ ಒಂದೊಂದು ಹೊಲಿಗೆಗೂ ಬಟ್ಟೆಯನ್ನು ಸವರಿಕೊಳ್ಳುವ ಅವಕಾಶವಿದೆ, ಹಾಗಾಗಿ ಅದು ನಡೆಯುತ್ತದೆ. ಯಂತ್ರ ಬಟ್ಟೆಯ ಸಡಿಲವನ್ನು ತನ್ನ ಮುಂದೆ ತಳ್ಳಿಕೊಂಡು ಹೋಗುತ್ತದೆ. ಅಂಚಿನಿಂದ ನಡುವಿಗೆ ಬಂದರೆ ಆ ಸಡಿಲವೆಲ್ಲ ನಡುವೆ ಕೂಡಿ ಗುಳ್ಳೆಯಾಗುತ್ತದೆ. ಆದ್ದರಿಂದ ಯಂತ್ರದಲ್ಲಿ ನಡುವಿನಿಂದ ಹೊರಕ್ಕೆ.

ತುಂಡು ಜೋಡಿಸಿದ ಮೇಲ್ಪದರವಾದರೆ, ಫ್ರೀ ಮೋಷನ್ ಶುರು ಮಾಡುವ ಮೊದಲು ಮಾಮೂಲಿ ರೀತಿಯಲ್ಲಿ ಹಲ್ಲು ಏರಿಸಿ, ಮುಖ್ಯ ಜೋಡಣೆಯ ಗೆರೆಗಳ ಸಂದಿಯಲ್ಲಿ ಉದ್ದಕ್ಕೂ ಅಡ್ಡಕ್ಕೂ ನೇರ ಹೊಲಿಗೆ ಹಾಕಿಕೊಳ್ಳಿ. ಪದರಗಳು ಅಲ್ಲಲ್ಲಿ ಬಂಧಿಯಾಗಿ ಮುಂದೆ ಸರಿಯುವುದಿಲ್ಲ. ಆಮೇಲೆ ಬಲಬದಿಯನ್ನು ಸಡಿಲವಾಗಿ ಸುತ್ತಿ ಯಂತ್ರದ ತೋಳಿನೊಳಗೆ ತೂರಿಸಿ. ಸೂಜಿಯಿಂದ ಬಲಕ್ಕೆ ಮನೆಯ ಯಂತ್ರಗಳಲ್ಲಿ ಆರೇಳು ಇಂಚಷ್ಟೇ ಜಾಗ. 36 ಇಂಚಿನ ಅರ್ಧ 18 ಇಂಚು ಅದರೊಳಗೆ ಆರಾಮಾಗಿ ಹಿಡಿಯುತ್ತದೆ. ಒಂದು ಕಾಲುಭಾಗ ಮುಗಿಸಿ, ಕೌದಿಯನ್ನು ಅರ್ಧ ಸುತ್ತು ತಿರುಗಿಸಿ, ಎದುರಿನ ಭಾಗಕ್ಕೆ ಹೋಗಿ. ಪಾದ ಹತ್ತಿರ ಬಂದಾಗ ಪಿನ್ನನ್ನು ತೆಗೆಯಿರಿ. ಅದರ ಮೇಲೆ ಹೊಲಿಯುವ ಸಾಹಸ ಬೇಡ.

ಗೆರೆಗಳ ನಡುವೆ ಒಂದೂವರೆ ಇಂಚಿನ ಅಂತರ ಮಗುವಿನ ಕೌದಿಗೆ ಹದ. ಅದಕ್ಕಿಂತ ತೀರ ಒತ್ತಾಗಿ ಹೊಲಿದರೆ ಕೌದಿ ರಟ್ಟಾಗುತ್ತದೆ. ಎಷ್ಟೇ ಇಟ್ಟರೂ ಎಲ್ಲ ಕಡೆ ಒಂದೇ ಸಾಂದ್ರತೆ ಇರಲಿ. ನಡುವೆ ಒತ್ತಾಗಿ ಹೊಲಿದು ಅಂಚನ್ನು ಸಡಿಲ ಬಿಟ್ಟರೆ ನಡು ಕುಗ್ಗಿ, ಅಂಚು ಹಪ್ಪಳದಂತೆ ಅಲೆಯಲೆಯಾಗಿ ಏಳುತ್ತದೆ, ಆಮೇಲೆ ಇಸ್ತ್ರಿಗೂ ಅದು ಬಗ್ಗುವುದಿಲ್ಲ. ಬಾಬಿನ್ ಬೇಗ ಖಾಲಿಯಾಗುತ್ತದೆ, ನಾಲ್ಕೈದನ್ನು ತುಂಬಿಸಿಟ್ಟುಕೊಳ್ಳಿ. ಬಾಬಿನ್ ಬದಲಿಸುವಾಗಲೆಲ್ಲ ಎದ್ದು ನಿಂತು, ಕೌದಿಯನ್ನು ತಿರುಗಿಸಿ ಹಿಂಬದಿಯನ್ನು ನೋಡಿ. ತಪ್ಪು ಬೇಗ ಕಂಡರೆ ಬಿಚ್ಚುವುದು ಅಂಗೈಯಗಲ ಮಾತ್ರ.

ಯಂತ್ರ ಮೊಂಡು ಹಿಡಿದಾಗ

ಹಿಂಬದಿಯಲ್ಲಿ ಹಕ್ಕಿಗೂಡಿನಂತೆ ದಾರ ಗಂಟುಗಟ್ಟಿದರೆ ಬಾಬಿನ್ನಿನ ಕಡೆ ನೋಡಬೇಡಿ. ಬಹುಪಾಲು ಪಾದದ ಹಿಡಿ ಇಳಿಸಿಲ್ಲ, ಇಲ್ಲವೇ ಮೇಲಿನ ದಾರ ಟೆನ್ಷನ್ ತಟ್ಟೆಗಳ ನಡುವೆ ಕೂತಿಲ್ಲ. ಹಿಡಿ ಮೇಲಿದ್ದಾಗಲೇ ದಾರ ಪೋಣಿಸಿ, ಆಮೇಲೆ ಇಳಿಸಿ.

ಹೊಲಿಗೆ ತಪ್ಪುತ್ತಿದ್ದರೆ ಮೊದಲು ಸೂಜಿ ಬದಲಿಸಿ. ಹೊಸ ಸೂಜಿಯಲ್ಲೂ ತಪ್ಪಿದರೆ ಬಟ್ಟೆ ಸೂಜಿಯೊಂದಿಗೆ ಮೇಲೇಳುತ್ತಿದೆ. ಪಾದವನ್ನು ಸ್ವಲ್ಪ ತಗ್ಗಿಸಲು ಅವಕಾಶವಿದ್ದರೆ ತಗ್ಗಿಸಿ, ಕೈಗಳ ನಡುವಿನ ಬಟ್ಟೆಯನ್ನು ಇನ್ನಷ್ಟು ಸಮನಾಗಿ ಹಿಡಿಯಿರಿ. ಮೇಲಿನ ದಾರ ಪದೇಪದೇ ತುಂಡಾದರೆ ಕೈ ಜಗ್ಗುತ್ತಿದೆಯೇ ನೋಡಿ, ಆಮೇಲೆ ಟೆನ್ಷನ್, ಆಮೇಲೆ ದಾರದ ವಯಸ್ಸು, ದಪ್ಪ ದಾರವಾದರೆ ಸೂಜಿಯ ಕಣ್ಣಿನ ಅಗಲ. ಸೂಜಿಯೇ ಮುರಿದರೆ ಎಲ್ಲ ಚೂರುಗಳನ್ನೂ ಹುಡುಕಿ ತೆಗೆಯುವವರೆಗೆ ಹೊಲಿಗೆ ಮುಂದುವರಿಸಬೇಡಿ. ಒಂದು ಚೂರು ಶಟಲಿನೊಳಗೆ ಬಿದ್ದರೂ ಯಂತ್ರಕ್ಕೆ ಪೆಟ್ಟು, ಕೌದಿಯೊಳಗೆ ಉಳಿದರೆ ಮಗುವಿಗೆ.

ಹಿಂಬದಿಯಲ್ಲಿ ನೆರಿಗೆ ಸಿಕ್ಕಿಕೊಂಡಿದ್ದರೆ ಅದು ಪಿನ್ನು ಚುಚ್ಚುವಾಗಿನ ತಪ್ಪು, ಹೊಲಿಯುವಾಗ ಸರಿಯಾಗದು. ಅಲ್ಲಿಯ ಹೊಲಿಗೆ ಬಿಚ್ಚಿ, ಮತ್ತೆ ಸವರಿ, ಪಿನ್ನು ಹಾಕಿ ಹೊಲಿಯಿರಿ. ಬಿಚ್ಚಲು ಹಿಂಬದಿಯ ದಾರವನ್ನು ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸಿ ಮೇಲಿನಿಂದ ಎಳೆದರೆ ಒಂದೇ ಎಳೆಯಾಗಿ ಬರುತ್ತದೆ.

ಅಂಚುಪಟ್ಟಿ ಮತ್ತು ಮೊದಲ ಒಗೆತ

ಹೊಲಿದ ಮೇಲೆ ಕೌದಿ ಸ್ವಲ್ಪ ಕುಗ್ಗಿರುತ್ತದೆ, ಹಾಗಾಗಿ ಈಗ ಮತ್ತೆ ಅಳೆದು ನಾಲ್ಕೂ ಮೂಲೆ ಚೌಕವಾಗುವಂತೆ ಕತ್ತರಿಸಿ. ಪಿನ್ನುಗಳನ್ನು ಎಣಿಸುವುದು ಈ ಹೊತ್ತಿಗೇ. ಸುತ್ತಳತೆ ಹೆಚ್ಚೆಂದರೆ 162 ಇಂಚು. ಮೂಲೆಗಳಿಗೂ ಜೋಡಣೆಗೂ ಸೇರಿಸಿ 174 ಇಂಚಿನ ಪಟ್ಟಿ ಬೇಕು. 42 ಇಂಚು ಪನ್ನದ ಬಟ್ಟೆಯಿಂದ ಎರಡೂವರೆ ಇಂಚು ಅಗಲದ ಐದು ಪಟ್ಟಿ ಕತ್ತರಿಸಿದರೆ ಸಾಕಾಗುತ್ತದೆ. ಓರೆಯಾಗಿ ಜೋಡಿಸಿ, ಉದ್ದಕ್ಕೆ ಮಡಚಿ ಇಸ್ತ್ರಿ ಮಾಡಿ, ಹಲ್ಲುಗಳನ್ನು ಏರಿಸಿ ಮಾಮೂಲಿ ಪಾದ ಹಾಕಿ, ಮೇಲ್ಬದಿಯಿಂದ ಕಾಲು ಇಂಚಿನಲ್ಲಿ ಹೊಲಿದು ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಮುಗಿಸಿ. ಸಿದ್ದಿ ಕೌದಿಯ ಮೂಲೆಗಳಲ್ಲಿ ಬಟ್ಟೆಯ ಚೂರುಗಳನ್ನು ಮಡಚಿ ಕೂರಿಸುವ ಫುಲಗಳನ್ನು ಇಷ್ಟಪಡುವವರು ಅಂಚುಪಟ್ಟಿಯೊಂದಿಗೇ ಅವನ್ನು ಸೇರಿಸಿ ಹೊಲಿಯಬಹುದು, ಮಗು ಬಾಯಿಗಿಟ್ಟು ಎಳೆದರೂ ಬಿಡದಷ್ಟು ಭದ್ರವಾಗಿ.

ಮೊದಲ ಒಗೆತ ತಣ್ಣೀರಿನಲ್ಲಿ, ಬೇರೆ ಬಟ್ಟೆಗಳ ಜೊತೆ ಸೇರಿಸದೆ, ಮೃದು ಸೋಪಿನಲ್ಲಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆದು, ನೆರಳಿನಲ್ಲಿ ಚಪ್ಪಟೆಯಾಗಿ ಹರಡಿ ಒಣಗಿಸಿ. ನಡುಪದರ ಕೊಂಚ ಕುಗ್ಗಿ ಹೊಲಿಗೆಯ ಸುತ್ತ ಬಟ್ಟೆ ಮೆಲ್ಲನೆ ಉಬ್ಬುತ್ತದೆ, ಹೊಲಿಗೆಯ ಸಣ್ಣಪುಟ್ಟ ಏರುಪೇರುಗಳು ಆ ಉಬ್ಬಿನಲ್ಲಿ ಕಾಣದಾಗುತ್ತವೆ. ಒಂದು ವರ್ಷದೊಳಗಿನ ಕೂಸಿಗೆ ಇದನ್ನು ನಿದ್ದೆಯಲ್ಲಿ ಹೊದಿಸಬೇಡಿ, ದಪ್ಪ ಹೊದಿಕೆ ಮುಖದ ಮೇಲೆ ಬಂದರೆ ಉಸಿರಿಗೆ ಅಪಾಯ. ಎಚ್ಚರವಿದ್ದಾಗ, ದೊಡ್ಡವರ ಕಣ್ಣೆದುರು, ನೆಲದ ಮೇಲೆ ಹಾಸಿ ಆಡಲು ಬಿಡಿ.